ತೊಗಟೆ ಸುಲಿದ ಗಾಳಿಮರ

ಮಾರ್ಚ್ 4, ಮಂಗಳವಾರ

ಮಧ್ಯಾಹ್ನ ಮೆಸ್ಸಿನಲ್ಲಿ ಮೂರನೇ ವರ್ಷದವನೊಬ್ಬ ತಟ್ಟೆಯ ಅಂಚಿನಿಂದ ಇನ್ನೊಬ್ಬನ ಹುಬ್ಬು ಸೀಳಿದ. ಸಾಲಿನಲ್ಲಿ ಮುಂದೆ ನುಗ್ಗಿದ್ದಕ್ಕೆ, ಅಷ್ಟೇ. ರಕ್ತ ಅನ್ನದ ಮೇಲೆ, ಡಬ್ಬಿ ಮೀನಿನ ಮೇಲೆ ಬಿತ್ತು. ಮಿಕ್ಕವರು ತಮ್ಮ ತಟ್ಟೆ ಪಕ್ಕಕ್ಕೆ ಸರಿಸಿಕೊಂಡು ಉಂಡರು. ನನ್ನ ಕೈಯಿಂದ ಚಮಚ ಕೆಳಗೆ ಬಿತ್ತು. ಚಮಚದಲ್ಲಿ ತಿನ್ನುವವನು ನಾನೊಬ್ಬನೇ ಆದ್ದರಿಂದ ಅದಕ್ಕೂ ನಕ್ಕರು. ಈ ಜನಕ್ಕೆ ಜಗಳವೆಂದರೆ ಊಟದ ಜೊತೆಗಿನ ನೀರಿದ್ದ ಹಾಗೆ. ಇವರ ನಡುವೆ ನಾಲ್ಕು ವರ್ಷ ಹೇಗೆ ಕಳೆಯಲಿ?

ಕಲೆಯ ತರಗತಿಯಲ್ಲಿ ಮಿಸ್ ತಾಬುವಾ ಚೀಟಿ ಎತ್ತಿಸಿದರು. ನನಗೆ ಬಂದದ್ದು ಗ್ರಂಥಾಲಯದ ಮೆಟ್ಟಿಲ ಬಳಿ ತೂಗುವ ದೊಡ್ಡ ಚಿತ್ರ, ‘ಕಮಾಂಗ್ ದಂಡೆಯ ಮಕ್ಕಳು’. ಬರೆದವರು ಕಾಸ್ಪಾರ್ ಮೊಂಡ್. ಅದರ ಅರ್ಥ ಬಿಡಿಸಿ ಎರಡು ಪುಟ ಬರೆದು, ಹನ್ನೆರಡನೇ ತಾರೀಕು ಎಲ್ಲರೆದುರು ಓದಬೇಕು. ಎಲ್ಲರೆದುರು. ನಾಲ್ಕು ಜನರ ಮುಂದೆ ಬಾಯಿ ತೆರೆದರೆ ನನಗೆ ಮಾತು ತೊದಲುತ್ತದೆ.

“ಕಣ್ಣಿಗೆ ಏನು ಕಾಣುತ್ತೋ ಅದನ್ನ ಬರಿ ಲೆನ್, ಹೆದರಬೇಡ,” ಎಂದರು ಮಿಸ್. ಅವರು ಕರಾವಳಿಯವರು. ಈ ಬೆಟ್ಟದ ಜನರನ್ನು ಕಂಡರೆ ಅವರಿಗೂ ಒಳಗೊಳಗೇ ಹೆದರಿಕೆ ಇರಬೇಕು.

ಸಂಜೆ ಹೋಗಿ ನೋಡಿದೆ. ಹೊಳೆ ಬಾಗುವ ಜಾಗ. ಆಳೆತ್ತರದ ಹುಲ್ಲು, ಬೆಳಗಿನ ಮಂಜು, ಏಳು ಗಾಳಿಮರಗಳ ಸಾಲು. ಈಚೆ ದಂಡೆಯಲ್ಲಿ ನಾಲ್ಕು ಮಕ್ಕಳು ತಲೆಯಿಂದ ಪಾದದವರೆಗೆ ಹಳದಿ ಮಣ್ಣು ಮೆತ್ತಿಕೊಂಡು ಕೂತಿವೆ. ಆಚೆ ದಂಡೆಯಲ್ಲಿ ಒಬ್ಬನೇ ಹುಡುಗ, ಮೈಮೇಲೆ ಮಣ್ಣಿಲ್ಲ, ನೀರಿಗೆ ಒಂದು ಕಾಲಿಟ್ಟು ನಿಂತಿದ್ದಾನೆ. ಇದಕ್ಕಿಂತ ಸುಖದ ಬಾಲ್ಯ ಇದ್ದೀತೆ? ಆ ವಯಸ್ಸಿನಲ್ಲಿ ನನ್ನ ಅಂಗಿಗೆ ಮಣ್ಣಾದರೆ ಮಿಷನ್ ಶಾಲೆಯ ಬ್ರದರ್ ಬೆರಳ ಗಿಣ್ಣಿನ ಮೇಲೆ ರೂಲರಿನ ಅಂಚಿನಿಂದ ಹೊಡೆಯುತ್ತಿದ್ದರು. ಅಪ್ಪ ಕಾಫಿ ಕೊಳ್ಳುವ ಕೆಲಸ ಬಿಟ್ಟು ತನ್ನ ಇಂಗ್ಲೆಂಡಿಗೆ ವಾಪಸ್ ಹೋದ ವರ್ಷ ನನ್ನನ್ನು ಮಿಷನ್ ಹಾಸ್ಟೆಲಿಗೆ ಸೇರಿಸಿದರು. ಅಮ್ಮ ಸತ್ತ ವರ್ಷವೂ ಅಲ್ಲೇ ಇದ್ದೆ. ನನಗೆ ಹೊಳೆ ಎಂದರೆ ಕಿಟಕಿಯಾಚೆಯ ಸದ್ದು.

‘ಮಣ್ಣಾಟ’ ಎಂದು ಶೀರ್ಷಿಕೆ ಬರೆದಿಟ್ಟಿದ್ದೇನೆ.

ಮಾರ್ಚ್ 7, ಶುಕ್ರವಾರ

ಮಾನ ಹೋಯಿತು. ನನ್ನ ರೂಮ್‌ಮೇಟ್ ರಾಫಾ ನಾನು ಬರೆದದ್ದನ್ನು ದಿಂಬಿನಡಿಯಿಂದ ಎಳೆದು ಓದಿಬಿಟ್ಟ.

“ಮಣ್ಣಾಟವಂತೆ!” ಎಂದು ಮಂಚದ ಮೇಲೆ ಬಿದ್ದು ಹೊರಳಾಡಿ ನಕ್ಕ. “ಲೇ ಇಗ್ನಾಸ್, ಬಾರೋ ಇಲ್ಲಿ. ನಿಮ್ಮತ್ತೆ ಮಗ ಏನ್ ಬರ್ದಿದಾನೆ ನೋಡು. ಸಾವಿನ ಮನೇಲಿ ಹುಡುಗ್ರು ಆಟ ಆಡ್ತಿದಾರಂತೆ!”

ಇಗ್ನಾಸ್ ಪಕ್ಕದ ಕೋಣೆಯಿಂದ ಬಂದ. ನನ್ನ ಸೋದರಮಾವ ವೈಮ್‌ನ ಒಬ್ಬನೇ ಮಗ, ಎರಡನೇ ವರ್ಷ. ಅವನೂ ಓದಿ ನಕ್ಕ. “ಅರ್ಧ ಬಿಳಿ ಅಲ್ವಾ, ಆ ಕಡೆ ಕಣ್ಣಲ್ಲಿ ನೋಡಿದಾನೆ. ಭಾವ, ಇನ್ನೊಂದು ಕಣ್ಣೂ ಸ್ವಲ್ಪ ತೆಗಿ. ಹಾಗೆ ಹಳದಿ ಮಣ್ಣು ಮೆತ್ಕೊಳ್ಳೋದು ಅಪ್ಪನೋ ಅಣ್ಣನೋ ಸತ್ತಾಗ.”

“ಯಾರು ಸತ್ತದ್ದು ಹಾಗಾದರೆ?” ಎಂದೆ.

“ಚಿತ್ರದಲ್ಲಿರೋರನ್ನೇ ಕೇಳು,” ಎಂದ ರಾಫಾ. ಮತ್ತೆ ಇಬ್ಬರೂ ನಕ್ಕರು. ಇಗ್ನಾಸ್ ಮೊಂಗಾ ಕುಲ, ರಾಫಾ ಪೆಲ್ಯಾ ಕುಲ. ಹೊಳೆಯ ಆಚೆ ಈಚೆಯವರು. ಇವರ ಅಪ್ಪಂದಿರು ಒಬ್ಬರಿಗೊಬ್ಬರು ಬಾಣ ಬಿಟ್ಟವರು. ಇವರು ಒಂದೇ ರಗ್ಬಿ ತಂಡದಲ್ಲಿ ಹೆಗಲಿಗೆ ಹೆಗಲು ಕೊಟ್ಟು ಆಡುತ್ತಾರೆ, ಒಬ್ಬರ ಬಾಯಿಯ ಅಡಿಕೆ ಇನ್ನೊಬ್ಬರು ಜಗಿಯುತ್ತಾರೆ. ನನ್ನನ್ನು ನೋಡಿ ನಗುವುದಕ್ಕೆ ಮಾತ್ರ ಎರಡು ಕುಲವೂ ಒಂದೇ.

ಹಾಳೆ ಚೂರುಚೂರು ಮಾಡಿ ಶೌಚದ ಗುಂಡಿಗೆ ಎಸೆದೆ. ತುಟಿ ಕಚ್ಚಿ ಕಚ್ಚಿ ಗಾಯವಾಗಿದೆ. ಇವರಿಗಿಂತ ಚೆನ್ನಾಗಿ ನೋಡಿ ತೋರಿಸುತ್ತೇನೆ.

ಮಾರ್ಚ್ 9, ಭಾನುವಾರ

ಸಿಕ್ಕಿತು!

ನಿನ್ನೆ ಟಾರ್ಚ್ ಹಿಡಿದು ಚಿತ್ರವನ್ನು ಇಂಚು ಇಂಚು ನೋಡಿದೆ. ಮೂರನೇ ಗಾಳಿಮರದ ಬುಡದಲ್ಲಿ ಗೇಣಗಲ ತೊಗಟೆ ಸುತ್ತಲೂ ಸುಲಿದಿದೆ. ಅದರ ಕೆಳಗೆ ಗಂಟಿನಂಥದೇನೋ, ಹುಲ್ಲೋ ನೆರಳೋ. ಇವತ್ತು ಇಗ್ನಾಸ್ ಜೊತೆ ಮಾವನ ಮನೆಗೆ ಹೋದಾಗ, ಯಾಕೆಂದು ಹೇಳದೆ, ಸುಮ್ಮನೆ ಮರದ ವಿಷಯ ತೆಗೆದೆ.

ಮಾವ ಗೆಣಸಿನ ಸಿಪ್ಪೆ ತೆಗೆಯುತ್ತ ಹೇಳಿದ: “ಮನುಷ್ಯನ್ನ ಕೊಂದ್ರೆ ಒಂದು ಸಾವು, ಅಳಿಯ. ಅವನು ನೆಟ್ಟ ಗಾಳಿಮರದ ತೊಗಟೆ ಸುತ್ತ ಸುಲಿದ್ರೆ, ಅವನು ಅಲ್ಲಿ ಬಾಳಿದ್ದ ಅನ್ನೋದೂ ಸಾಯುತ್ತೆ. ಶತ್ರು ಮಾಡೋ ಕೆಲಸ ಅದು. ನಾನೂ ಮಾಡಿದೀನಿ.”

“ಕಮಾಂಗ್ ಬಾಗುವಲ್ಲಿ ಯಾರು ನೆಟ್ಟಿದ್ದರು?”

“ನಮ್ಮ ದೊಡ್ಡಪ್ಪ ಯುಕಾ. ನಾನಾಗ ಮೊಲೆ ಕುಡಿಯೋ ಕೂಸು. ಹೆಣ ಕೆಳಗಡೆ ಕಲ್ಲಿಗೆ ಸಿಕ್ಕಿಹಾಕ್ಕೊಂಡಿತ್ತಂತೆ, ಹಣೆ ಒಡೆದಿತ್ತಂತೆ. ಹೇಗೆ ಅಂತ ನಮಗ್ಯಾರೂ ಹೇಳಲಿಲ್ಲ. ಆಮೇಲೆ ಯುದ್ಧ ಬಂತು, ಆ ಜಾಗ ಪೆಲ್ಯಾದವರ ಕೈಗೆ ಹೋಯ್ತು. ಈಗ ಕಾಫಿ ಹಾಕ್ಕೊಂಡಿದಾರೆ.”

ಬರುವಾಗ ವ್ಯಾನಿನಲ್ಲಿ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಹಳದಿ ಮಣ್ಣು, ಒಡೆದ ಹಣೆ, ಸುಲಿದ ಮರ. ಆಚೆ ದಂಡೆಯ ಮಣ್ಣಿಲ್ಲದ ಹುಡುಗ ಕೊಂದವರ ಮನೆಯವನು. ಕಾಸ್ಪಾರ್ ಮೊಂಡ್ ಪೆಲ್ಯಾದವನೇ. ಬಾಯಲ್ಲಿ ಹೇಳಲಾಗದ್ದನ್ನು ಬಣ್ಣದಲ್ಲಿ ಒಪ್ಪಿಕೊಂಡಿದ್ದಾನೆ! ಮುದುಕ ಇನ್ನೂ ಬದುಕಿದ್ದಾನಂತೆ, ಹೋಗಿ ಕೇಳಬಹುದು. ಆದರೆ ಗುರುತಿಲ್ಲದವರ ಬಾಗಿಲು ತಟ್ಟುವುದನ್ನು ನೆನೆದರೇ ನನಗೆ ಬೆವರು ಬರುತ್ತದೆ. ಮಿಸ್ ಹೇಳಿದ್ದೂ ಕಂಡದ್ದನ್ನು ಬರಿ ಎಂದಷ್ಟೇ.

ಮಾರ್ಚ್ 12, ಬುಧವಾರ

ಓದಿದೆ. ಒಂದು ಸಲವೂ ತೊದಲಲಿಲ್ಲ. ಯುಕಾನ ಹೆಸರು ಹೇಳಿದಾಗ ಹಿಂದಿನ ಬೆಂಚುಗಳ ಗುಸುಗುಸು ನಿಂತಿತು. ‘ಈ ಮರವನ್ನು ಸುಲಿದ ಕೈ ಹೊಳೆಯ ಆಚೆಯದು’ ಎಂಬ ಕೊನೆಯ ಸಾಲು ಓದಿ ಹಾಳೆ ಮಡಚಿದೆ. ಇಗ್ನಾಸ್ ಬಾಗಿಲಲ್ಲಿ ನಿಂತು ಫೋನಿನಲ್ಲಿ ಪೂರ್ತಿ ತೆಗೆದುಕೊಂಡ. ಮಿಸ್ ನೂರಕ್ಕೆ ತೊಂಬತ್ತೊಂದು ಕೊಟ್ಟರು.

ರಾಫಾ ಮೆಟ್ಟಿಲ ಬಳಿ ನನ್ನ ಕಾಲರ್ ಹಿಡಿದ. “ಯಾರ ಬಾಯಲ್ಲಿ ಮಾತಾಡಿದೆ ಗೊತ್ತೇನೋ ನಿಂಗೆ?”

“ಅದು ಅಸೈನ್‌ಮೆಂಟ್, ರಾಫಾ.”

“ನೀನು ಮೊಂಗಾ ಹೆಣ್ಮಗಳ ಮಗ. ಹೆಣ್ಮಗಳ ಮಗ ನಾಲ್ಕು ಜನರ ಮುಂದೆ ಎದ್ದು ನಿಂತು ಸತ್ತವನ ಹೆಸರು ಹೇಳಿದ್ರೆ, ಅದು ಸೇಡಿಗೆ ಕರೆ ಕೊಟ್ಟ ಹಾಗೆ. ಗಂಡುಮಕ್ಕಳು ಹೇಳಿದ್ರೆ ಬೈಗುಳ ಅಂತ ಬಿಡಬಹುದು. ನೀನು ಹೇಳಿದ್ರೆ ಅವರು ಕೂತಿರೋ ಹಾಗಿಲ್ಲ, ನಾವೂ ಕೂತಿರೋ ಹಾಗಿಲ್ಲ. ಹೋಗಿ ತಪ್ಪಾಯ್ತು ಅನ್ನು.”

“ತಪ್ಪೆಲ್ಲಿದೆ? ತೊಂಬತ್ತೊಂದು ಬಂದಿದೆ.”

ಅವನು ಕಾಲರ್ ಬಿಟ್ಟ. ನನ್ನನ್ನು ಮೊದಲ ಸಲ ನೋಡುವವನಂತೆ ನೋಡಿದ. ಅಸೂಯೆ ಇರಬೇಕು.

ಮಾರ್ಚ್ 14, ಶುಕ್ರವಾರ

ವಿಡಿಯೊ ಎಲ್ಲರ ಫೋನಿಗೂ ಹೋಗಿದೆ. ಬೆಳಿಗ್ಗೆ ಮಾವ ಕರೆ ಮಾಡಿದ. ನನಗೆ ಮಾವ ಫೋನ್ ಮಾಡಿದ್ದು ಇದೇ ಮೊದಲು. “ಅಳಿಯ, ಚೆನ್ನಾಗಿ ಹೇಳ್ದೆ. ಅರವತ್ತು ವರ್ಷ ನಮಗ್ಯಾರಿಗೂ ಕಾಣದ್ದು ನಿನಗೆ ಕಾಣ್ತು.” ಹಿಂದಿನಿಂದ ಗಂಡಸರ ಕೂಗು ಕೇಳುತ್ತಿತ್ತು.

ಮಾರುಕಟ್ಟೆಯಲ್ಲಿ ಪೆಲ್ಯಾ ಹೆಂಗಸರ ಗೆಣಸು ಸೊಪ್ಪುಗಳನ್ನು ಮೊಂಗಾದವರು ಒದ್ದು ಚರಂಡಿಗೆ ಹಾಕಿದರಂತೆ. ಒಬ್ಬ ಮುದುಕಿಯ ಚೀಲದ ಬಳ್ಳಿ ಹಿಡಿದು ರಸ್ತೆಯುದ್ದಕ್ಕೂ ಎಳೆದರಂತೆ. ಇಲ್ಲಿಯ ಹೆಂಗಸರು ಚೀಲದ ಬಳ್ಳಿಯನ್ನು ಹಣೆಗೆ ಸಿಕ್ಕಿಸಿ ಬೆನ್ನ ಮೇಲೆ ಹೊರುತ್ತಾರೆ. ಇದಕ್ಕೂ ನನಗೂ ಸಂಬಂಧವಿಲ್ಲ. ಇವರು ಯಾವಾಗಲೂ ಹೀಗೆಯೇ.

ಹಾಸ್ಟೆಲಿನಲ್ಲಿ ಪೆಲ್ಯಾ ಹುಡುಗರು ಕಾರಿಡಾರಿನ ಆ ತುದಿಗೆ ಹೋದರು, ಮೊಂಗಾದವರು ಈ ತುದಿಗೆ. ಮಂಚದ ಕಬ್ಬಿಣದ ಪಟ್ಟಿಗಳನ್ನು ಕಿತ್ತು ಕಲ್ಲಿಗೆ ಉಜ್ಜುವ ಸದ್ದು ದಿನವಿಡೀ. ರಾಫಾ ಮಾತ್ರ ಕೋಣೆ ಬಿಟ್ಟಿಲ್ಲ. ಮಾತಾಡುವುದೂ ಇಲ್ಲ.

ಮಾರ್ಚ್ 17, ಸೋಮವಾರ

ಆಟದ ಮೈದಾನದಲ್ಲಿ ಹೊಡೆದಾಟ. ಬೆಳಿಗ್ಗೆ ಒಂಬತ್ತು ಗಂಟೆ, ಚುರುಗುಟ್ಟುವ ಬಿಸಿಲು. ನಾನು ತರಗತಿಗೆ ಹೊರಟಿದ್ದೆ. ಕಬ್ಬಿಣ ಮೂಳೆಗೆ ತಾಗಿದರೆ ಮರಕ್ಕೆ ತಾಗಿದ ಹಾಗೆ ಸದ್ದಾಗುವುದಿಲ್ಲ, ಒದ್ದೆ ಬಟ್ಟೆ ಬಂಡೆಗೆ ಬಡಿದ ಹಾಗೆ. ಒಬ್ಬ ಕೈಯಲ್ಲಿ ತನ್ನದೇ ಕಿವಿ ಹಿಡಿದುಕೊಂಡು ಕೂತಿದ್ದ. ಇಗ್ನಾಸ್ ಇಬ್ಬರ ನಡುವೆ ಬಗ್ಗಿ ಬಗ್ಗಿ ಬೀಸುತ್ತಿದ್ದ, ರಗ್ಬಿಯಲ್ಲಿ ನುಗ್ಗುವ ಹಾಗೇ. ಅವನ ಹಲ್ಲೆಲ್ಲ ಕೆಂಪು. ಅಡಿಕೆಯೋ ರಕ್ತವೋ ತಿಳಿಯಲಿಲ್ಲ.

ಪೆಲ್ಯಾದ ನಾಲ್ವರು ನನ್ನನ್ನು ಕಂಡು ಈ ಕಡೆ ತಿರುಗಿದರು. ಯಾರೋ ಹಿಂದಿನಿಂದ ನನ್ನ ಕತ್ತಿಗೆ ಕೈ ಹಾಕಿ ಎಳೆದು ಬಚ್ಚಲಿಗೆ ನೂಕಿ ಹೊರಗಿನಿಂದ ಚಿಲಕ ಹಾಕಿದರು. “ಒಳಗೇ ಸಾಯಿ, ಪೆದ್ದ!” ರಾಫಾನ ದನಿ. ಬಾಗಿಲಿಗೆ ಏಟು ಬಿದ್ದವು, “ಪಕ್ಕಕ್ಕೆ ಸರಿಯೋ”, “ಸರಿಯೋದಿಲ್ಲ” ಎಂದು ಕೂಗಾಡಿದರು. ಅವನು ತನ್ನವರಿಗೇ ಅಡ್ಡ ನಿಂತಿದ್ದ. ಪೊಲೀಸರು ಬಂದು ಗಾಳಿಯಲ್ಲಿ ಗುಂಡು ಹಾರಿಸುವವರೆಗೂ ನಾನು ಬಚ್ಚಲಿನಲ್ಲಿ ವಾಂತಿ ಮಾಡುತ್ತಿದ್ದೆ.

ಕಾಲೇಜು ಮುಚ್ಚಿತು. ಎಲ್ಲರೂ ಊರಿಗೆ ಹೋಗಬೇಕಂತೆ. ನನಗೆ ಯಾವ ಊರು? ಇಗ್ನಾಸ್ ಅಂದ: “ಯಾವ ಊರು ಅಂತ ಬೇರೆ ಕೇಳ್ತೀಯಾ? ನಡಿ ಭಾವ, ಮನೆಗೆ. ನೀನು ವ್ಯಾನಿನಲ್ಲಿ ಹೋಗು, ನಾನು ನಾಳೆ ಹುಡುಗರ ಜೊತೆ ನಡ್ಕೊಂಡು ಬರ್ತೀನಿ.”

ಮಾರ್ಚ್ 18, ಮಂಗಳವಾರ

ಇಗ್ನಾಸ್‌ನನ್ನು ಸೇತುವೆಯ ಮೇಲೆ ಕೊಂದರು. ಕೊಡಲಿ. ಐದು ಕಡೆ. ಬಾಗಿಲು ಕಿತ್ತು ಅದರ ಮೇಲೆ ಹೊತ್ತು ತಂದರು. ಮುಖ ಇಲ್ಲ.

ಮಾರ್ಚ್ 20, ಗುರುವಾರ

ಎರಡು ದಿನದಿಂದ ಹೆಂಗಸರ ಅಳು ನಿಂತಿಲ್ಲ. ಅತ್ತೆ ಕೂದಲನ್ನು ಹಿಡಿಹಿಡಿಯಾಗಿ ಕಿತ್ತುಕೊಂಡಿದ್ದಾಳೆ, ನೆತ್ತಿಯಲ್ಲಿ ಹಸಿ ಗಾಯ. ನನಗೂ ಮಣ್ಣು ಮೆತ್ತಿದರು. ಒಣಗಿದಾಗ ಚರ್ಮ ಎಳೆದು ಬಿಗಿಯುತ್ತದೆ, ನಗಲು ಹೋದರೆ ಬಿರಿಯುತ್ತದೆ. ಈ ಮಣ್ಣನ್ನು ನಾನು ಆಟ ಎಂದು ಬರೆದಿದ್ದೆ.

ಮಣ್ಣು ಮಾಡಿದ ಮೇಲೆ ಮಾವ ಎಲ್ಲರೆದುರು ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡ. “ನನ್ನ ಅಳಿಯ ನಿಜ ಹೇಳಿದ. ನಿಜಕ್ಕೋಸ್ಕರ ನನ್ನ ಮಗ ಸತ್ತ,” ಎಂದ. ಮುನ್ನೂರು ಗಂಡಸರು ಒಟ್ಟಿಗೆ ನೆಲ ತುಳಿದರು. ಅದರ ಅದುರು ನನ್ನ ಅಂಗಾಲಿನವರೆಗೂ ಬಂತು.

ಒಂದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿದೆ. ನಾನು ಬರೆದದ್ದು ನಿಜವೇ? ನಿಜವಾಗಿರಲೇಬೇಕು. ಮುದುಕನ ಬಾಯಿಂದಲೇ ಕೇಳಿಬಿಟ್ಟರೆ ಮುಗಿಯಿತು.

ಮಾರ್ಚ್ 23, ಭಾನುವಾರ

ಚರ್ಚಿನ ಪೂಜೆಯ ಹೊತ್ತಿಗೆ ಎರಡೂ ಕಡೆಯವರು ಕೈ ಎತ್ತುವುದಿಲ್ಲ. ಮೈ ತೊಳೆದುಕೊಂಡು, ಹ್ಯಾಟ್ ಹಾಕಿಕೊಂಡು ಹೊಳೆ ದಾಟಿದೆ. ರಸ್ತೆಗೆ ಅಡ್ಡ ಹಾಕಿದ್ದ ದಿಮ್ಮಿಯ ಬಳಿ ಇಬ್ಬರು ತಡೆದರು. ಇಂಗ್ಲಿಷಿನಲ್ಲಿ ಮಾತಾಡಿದೆ. ನನ್ನ ಬಣ್ಣ ನೋಡಿ ಯಾವನೋ ಚಿತ್ರ ಕೊಳ್ಳಲು ಬಂದವನು ಎಂದು ಬಿಟ್ಟರು. ಚೀಲದಲ್ಲಿ ಮಚ್ಚು ಇತ್ತು. ಯಾಕಿಟ್ಟುಕೊಂಡೆನೋ, ಈಗ ಎಲ್ಲರೂ ಇಟ್ಟುಕೊಳ್ಳುತ್ತಾರೆ.

ಕಾಫಿ ತೋಟದ ಹಿಂದಿನ ಕಾಲುದಾರಿ, ಎರಡು ಸಲ ಎಡಕ್ಕೆ, ಹುಲ್ಲಿನ ಮನೆ. ಕಾಸ್ಪಾರ್ ಮೊಂಡ್ ಹೊಸಿಲ ಮೇಲೆ ಕೂತು ಬಿಸಿಲು ಕಾಯುತ್ತಿದ್ದ. ಹಲ್ಲಿಲ್ಲ. ಯಾರೆಂದು ಹೇಳಿದೆ. ಹೆದರಲಿಲ್ಲ.

“ಬಂದ್ಯಾ ಮಗ,” ಎಂದ. “ಬರೆಯೋ ಮುಂಚೆ ಬರಬೇಕಿತ್ತು.”

“ಆಚೆ ದಂಡೆಯ ಹುಡುಗ ಯಾರು?”

“ನಾನು.”

ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿಡುತ್ತೇನೆ. “ಯುಕಾನ ನಾಲ್ಕು ಮಕ್ಕಳು, ನಾನು, ಐದೂ ಜನ ಕದ್ದು ಈಜಕ್ಕೆ ಹೋಗ್ತಿದ್ವಿ. ಅವತ್ತು ನೆರೆ ಬಂತು, ನನ್ನನ್ನ ಎಳ್ಕೊಂಡು ಹೋಯ್ತು. ಕೂಗು ಕೇಳಿ ಯುಕಾ ಹಾರಿದ. ಶತ್ರು ಕುಲದ ಕೂಸು ಅಂತ ನೋಡಲಿಲ್ಲ ಮಗ, ಹಾರಿದ. ನನ್ನನ್ನ ದಡಕ್ಕೆ ನೂಕಿದ, ಅವನ ಹಣೆ ಕಲ್ಲಿಗೆ ಬಡೀತು. ಕದ್ದು ಈಜಿದ್ದು ಗೊತ್ತಾದ್ರೆ ಹೊಡೀತಾರೆ ಅಂತ ಐದು ಜನಾನೂ ಬಾಯಿ ಬಿಡಲಿಲ್ಲ. ಅವನ ಮಕ್ಕಳು ಮಣ್ಣು ಮೆತ್ಕೊಂಡು ಕೂತಿದ್ರು. ನಾನು ದಾಟಿ ಹೋಗಿ ಜೊತೇಲಿ ಕೂರಬೇಕು ಅಂತ ನೀರಿಗೆ ಕಾಲಿಟ್ಟೆ. ಹೋಗಕ್ಕಾಗಲಿಲ್ಲ.”

“ಮರ? ಮರ ಸುಲಿದವರು ಯಾರು?”

“ಅವನ ತಮ್ಮಂದಿರೇ. ನೆಟ್ಟವನು ಹೋದ, ಮರಾನೂ ಹೋಗ್ಲಿ ಅಂತ. ಆಗ ಹಾಗೆ ಮಾಡ್ತಿದ್ರು. ಸುಲಿದ ಕೆಳಗೆ ಹುಲ್ಲಿನ ಗಂಟು ಕಟ್ಟೋರು, ಇದು ದುಃಖದ್ದು ಅಂತ. ಮಿಷನ್‌ನವರು ಬಂದು ಅದನ್ನ ನಿಲ್ಲಿಸಿದ್ರು. ನಿನ್ನ ಮಾವನ ಕಾಲಕ್ಕೆ ಶತ್ರು ಸುಲಿಯೋದು ಮಾತ್ರ ಉಳೀತು. ಗಂಟು ಬರೆದಿದ್ದೆನಲ್ಲ ಮಗ. ನೋಡಲಿಲ್ವಾ?”

ನೆರಳು ಅಂದುಕೊಂಡೆ ಎಂದೆ.

ಶನಿವಾರ ಚರ್ಚಿನವರು ಸಭೆ ಕರೆದಿದ್ದಾರೆ, ಅಲ್ಲಿ ಬಂದು ಎಲ್ಲ ಹೇಳುತ್ತೇನೆ, ನನ್ನ ಮಾತು ನಿಮ್ಮವರು ನಂಬುವುದಿಲ್ಲ, ನೀನು ಹೌದು ಅಂದರೆ ನಂಬುತ್ತಾರೆ ಎಂದ ಮುದುಕ. ನಾನು ತಲೆಯಾಡಿಸಿ ಬಂದೆ.

ದಾರಿಯುದ್ದಕ್ಕೂ ಯೋಚಿಸಿದೆ. ಹಾಗಾದರೆ ಇಗ್ನಾಸ್ ಯಾತಕ್ಕೆ ಸತ್ತ? ಒಂದು ನೆರಳಿಗೆ? ನನ್ನ ತೊಂಬತ್ತೊಂದಕ್ಕೆ?

ಮುದುಕನಿಗೆ ಎಪ್ಪತ್ತರ ಹತ್ತಿರ. ಆ ವಯಸ್ಸಿನಲ್ಲಿ ನೆನಪು ಏನೇನೋ ಹೇಳುತ್ತದೆ. ಅವರ ಪೈಕಿಯವನು ಬೇರೆ.

ಮಾರ್ಚ್ 27, ಗುರುವಾರ

ರಾಫಾ ಫೋನ್ ಮಾಡಿದ. “ಕಾಸ್ಪಾರ್ ಅಜ್ಜ ಎಲ್ಲ ಹೇಳಿದ. ನೀನು ಹೋಗಿದ್ದೂ ಗೊತ್ತು. ಶನಿವಾರ ಎದ್ದು ನಿಂತು ಹೌದು ಅನ್ನು, ಅಷ್ಟೇ. ನಮ್ಮವರು ಇಗ್ನಾಸ್‌ನ ಕೊಂದೋರನ್ನ ಪೊಲೀಸರಿಗೆ ಒಪ್ಪಿಸ್ತಾರೆ. ನಾನೇ ಮಾತಾಡಿದೀನಿ.” ಆಮೇಲೆ, “ಅವನು ನನ್ನ ಸ್ನೇಹಿತ ಆಗಿದ್ದ ಕಣೋ,” ಎಂದ. ಅಳುತ್ತಿದ್ದ.

ಅವರಿಗೆ ಅಳು ಬೇಗ ಬರುತ್ತದೆ. ನಮ್ಮ ಹುಡುಗನ ಹೆಸರು ಅವನ ಬಾಯಲ್ಲಿ ಕೇಳಲು ನನಗೆ ಹೇಸಿಗೆಯಾಯಿತು.

ಹಗಲೆಲ್ಲ ಮಾವನ ಜೊತೆ ಕೊಡಲಿಗಳಿಗೆ ಹಿಡಿ ಹಾಕಿದೆ. ಗಾಯವಾಗದಂತೆ ಹಿಡಿಯುವುದು ಹೇಗೆಂದು ತೋರಿಸಿದ. ನನಗೆ ಬೇಗ ಕೈ ಕೂಡಿತು.

ಮಾರ್ಚ್ 29, ಶನಿವಾರ

ಶಾಲೆಯ ಬಯಲು. ಅವರು ಆ ಕಡೆ, ನಾವು ಈ ಕಡೆ, ನಡುವೆ ಪಾದ್ರಿ ಮತ್ತು ಆರು ಜನ ಪೊಲೀಸರು. ಆಯುಧ ಬೇಡ ಎಂದಿದ್ದರು. ಹುಲ್ಲಿನಲ್ಲಿ ಮುಚ್ಚಿಟ್ಟಿದ್ದೆವು, ಅವರೂ ಅಷ್ಟೇ.

ರಾಫಾ ಮುದುಕನನ್ನು ತೋಳು ಹಿಡಿದು ನಡುವೆ ಕರೆತಂದ. ಮುದುಕ ಎಲ್ಲ ಹೇಳಿದ, ನೆರೆ, ಯುಕಾ, ಗಂಟು. ನಮ್ಮ ಸಾಲಿನಲ್ಲಿ ಗೊಣಗಾಟ ಎದ್ದಿತು. ಹಿರಿಯರಿಬ್ಬರು ತಲೆ ತಗ್ಗಿಸಿ ಏನೋ ನೆನಪು ಮಾಡಿಕೊಳ್ಳುವವರಂತೆ ಕಂಡರು. ಆಗ ಅವನು ನನ್ನತ್ತ ಕೈ ಚಾಚಿದ. “ಈ ಮಗು ನನ್ನ ಮನೆಗೆ ಬಂದಿತ್ತು. ಎಲ್ಲ ಕೇಳ್ಕೊಂಡು ಹೋಗಿದೆ. ನಿಮ್ಮ ರಕ್ತವೇ ಅಲ್ವಾ, ಅದನ್ನೇ ಕೇಳಿ.”

ಮಾವ ತಿರುಗಿದ. “ಹೌದಾ ಅಳಿಯ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅತ್ತೆ ಬೋಳು ನೆತ್ತಿಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಹೌದು ಅಂದರೆ ಅವಳ ಮಗನನ್ನು ಕೊಂದವನು ನಾನೇ ಆಗುತ್ತಿದ್ದೆ.

“ಇಲ್ಲ ಮಾವ. ಈ ಮುದುಕನ್ನ ನಾನು ಇವತ್ತೇ ನೋಡ್ತಿರೋದು,” ಎಂದೆ. ತೊದಲಲಿಲ್ಲ.

ಮೊದಲ ಕಲ್ಲು ನಮ್ಮ ಕಡೆಯಿಂದ ಹೋಯಿತು. ಮುದುಕನ ದವಡೆಗೆ ಬಡಿಯಿತು, ಅವನು ಮೊಣಕಾಲ ಮೇಲೆ ಕುಸಿದ. ರಾಫಾ ಅವನ ಮೇಲೆ ಬೋರಲಾಗಿ ಬಿದ್ದು ಮುಚ್ಚಿಕೊಂಡ. ನಾವು ಹುಲ್ಲಿನಲ್ಲಿಟ್ಟದ್ದನ್ನು ಎತ್ತಿಕೊಂಡು ಅವರತ್ತ ಓಡಿದೆವು. ರಾಫಾನ ಬೆನ್ನಿಗೆ ಕೊಡಲಿ ಇಳಿಯಿತು, ಇನ್ನೊಂದು, ಇನ್ನೊಂದು. ಅವನು ತೋಳು ಬಿಡಲಿಲ್ಲ. ತೋಳು ಕಡಿದ ಮೇಲೂ ಮುದುಕ ಅವನ ಅಡಿಯಲ್ಲೇ ಇದ್ದ. ಪೊಲೀಸರು ಗುಂಡು ಹಾರಿಸಿದರು, ಈ ಸಲ ಗಾಳಿಗಲ್ಲ.

ನನ್ನ ಕೈಯಲ್ಲೂ ಕಲ್ಲಿತ್ತು. ಹೊಳೆಯ ಹತ್ತಿರ ಬಂದು ನೋಡಿಕೊಂಡಾಗ ಇರಲಿಲ್ಲ.

ರಾಫಾ ಅಲ್ಲೇ ಹೋದ. ನಮ್ಮವರು ಮೂರು ಜನ. ಅವರು ಐದು.

ಏಪ್ರಿಲ್ 1, ಮಂಗಳವಾರ

ಮಿಸ್ ತಾಬುವಾ ನಾಲ್ಕು ಸಲ ಕರೆ ಮಾಡಿದ್ದಾರೆ. ಚಿತ್ರವನ್ನು ಗೋಡೆಯಿಂದ ಇಳಿಸಿದರಂತೆ, ನನ್ನ ಬಗ್ಗೆ ಚಿಂತೆಯಂತೆ. ಒಳ್ಳೆಯವರು, ಆದರೆ ಕರಾವಳಿಯವರಿಗೆ ನಮ್ಮ ವಿಷಯ ಅರ್ಥವಾಗುವುದಿಲ್ಲ.

ಮುದುಕ ಬದುಕಿದ್ದಾನೆ. ದವಡೆ ಪುಡಿಯಾಗಿ ಮಾತು ನಿಂತಿದೆಯಂತೆ. ಆಸ್ಪತ್ರೆಯಿಂದ ನಿನ್ನೆ ಮನೆಗೆ ತಂದಿದ್ದಾರೆ.

ಬೆಳಕು ಹರಿಯುವ ಮೊದಲೇ ಹೊಳೆ ದಾಟಿ ಅವರ ಕಾಫಿ ತೋಟದ ಮೇಲಿನ ಇಳಿಜಾರಿಗೆ ಬಂದೆವು. ನಲವತ್ತು ಜನ. ಇಲ್ಲಿ ಹುಲ್ಲಿನಲ್ಲಿ ಕೂತೇ ಇದನ್ನು ಬರೆಯುತ್ತಿದ್ದೇನೆ. ಮೊದಲು ಮುದುಕನ ಮನೆಗೆ ಬೆಂಕಿ ಇಡಬೇಕೆಂದು ಹಿರಿಯರ ಮಾತು. ತೋಟ ಒತ್ತಾಗಿದೆ, ಮೇಲಿಂದ ನೋಡಿದರೆ ಒಂದು ಸೂರೂ ಕಾಣುವುದಿಲ್ಲ.

“ಅವನ ಮನೆ ದಾರಿ ಯಾರಿಗ್ ಗೊತ್ತು?” ಎಂದು ಮಾವ ಮೆಲ್ಲಗೆ ಕೇಳಿದ.

“ನನಗೆ ಗೊತ್ತು,” ಎಂದೆ. “ತೋಟದ ಹಿಂದೆ ಕಾಲುದಾರಿ, ಎರಡು ಸಲ ಎಡಕ್ಕೆ.”

ಮಾವ ನನ್ನ ಮುಖ ನೋಡಿದ. ಬಹಳ ಹೊತ್ತು ನೋಡಿದ. ಹೇಗೆ ಗೊತ್ತು ಎಂದು ಕೇಳಲಿಲ್ಲ.

“ಸರಿ. ನೀನು ಮುಂದೆ ನಡಿ,” ಎಂದ.

ಹುಲ್ಲು ಇನ್ನೂ ಇಬ್ಬನಿಯಲ್ಲಿ ಒದ್ದೆಯಾಗಿದೆ. ಸ್ವಲ್ಪ ಬಿಸಿಲೇರಿ ಒಣಗಲಿ ಎಂದು ಕಾಯುತ್ತಿದ್ದೇವೆ.